ಕೆರೆ ಬಾಯಿ ಮುಚ್ಚಿಕೊಂಡ ಶನಿವಾರ

"ನೆಲದಲ್ಲಿ ಅದೇನು ತೂತು?" ಲ್ಯಾಪ್‌ಟಾಪಿನೊಳಗಿಂದ ಪರೀಕ್ಷೆಯ ಮೇಲ್ವಿಚಾರಕಿ ಕೇಳಿದಳು.

"ಮೀನು ಹಿಡಿಯೋಕೆ, ಮೇಡಂ," ಎಂದಳು ಐಲಿ.

"ಅದರೊಳಗಿಂದ ಯಾರಾದ್ರೂ ಬರ್ಬಹುದಾ?"

"ಬಂದ್ರೆ ಮೀನೇ ಬರ್ಬೇಕು. ಅದಕ್ಕೂ ಮುಚ್ಚಳ ಹಾಕಿದೀನಿ."

ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಯನ್ನು ಹೆಪ್ಪುಗಟ್ಟಿದ ಕೆರೆಯ ನಟ್ಟನಡುವೆ, ಮೀನುಗಾರರ ಮರದ ಗೂಡಿನಲ್ಲಿ ಕೂತು ಬರೆದವರು ಭೂಮಂಡಲದಲ್ಲಿ ನಮ್ಮ ಐಲಿ ಕಾಂಗಾಸ್ ಒಬ್ಬಳೇ. ಇನ್ನೊಬ್ಬರಿದ್ದರೆ ಕರೆತನ್ನಿ, ಅರ್ಧ ಮೀಸೆ ಬೋಳಿಸಿಕೊಳ್ಳುತ್ತೇನೆ. ಉತ್ತರ ಮಿನ್ನೆಸೋಟಾದಲ್ಲಿ ಕೆರೆಗಳಿಗೇನು ಬರವಿಲ್ಲ. ಆದರೆ ನಮ್ಮ ಕೆರೆಯ ಮಂಜುಗಡ್ಡೆಯ ಮೇಲೆ ಒಂದು ಚರ್ಚು, ಒಂದು ಪೊಲೀಸ್ ಠಾಣೆ ಕಟ್ಟಿ, ನಡುವೆ ಬಸ್ಸು ಓಡಿಸಬಹುದು.

ಆ ಹುಡುಗಿ ಅಲ್ಲಿಗೆ ಬಂದದ್ದು ಹುಚ್ಚಿಗಲ್ಲ. ಕಬ್ಬಿಣದ ಗಣಿ ಮುಚ್ಚಿ ಅವಳಪ್ಪ ರೇನೊ ಕೆಲಸ ಕಳೆದುಕೊಂಡಂದಿನಿಂದ ಮನೆಯಲ್ಲಿ ಜಗಳ. ಅಮ್ಮ ಮಾರ್ಲಿಸ್‌ಗೆ ಡುಲುತ್ ಪೇಟೆಗೆ, ತಂಗಿಯ ಮನೆ ಹತ್ತಿರ ಹೋಗಿಬಿಡಬೇಕು. ರೇನೊಗೆ ಕೆರೆ ಬಿಟ್ಟರೆ ಜೀವ ಹೋಗುತ್ತದೆ. ಇಬ್ಬರ ಗಂಟಲಿಗೆ ಹೆದರಿ ಪಕ್ಕದ ಮನೆಯ ನಾಯಿ ಊರನ್ನೇ ಬಿಟ್ಟಿತು. ಈ ಪರೀಕ್ಷೆಯೋ, ಮನೆಯಲ್ಲೇ ಕ್ಯಾಮೆರಾ ಮುಂದೆ ಕೂತು ಬರೆಯುವಂಥದ್ದು. ಬೇರೆಯವರ ದನಿ ಕೇಳಿಸಿತೋ, ರದ್ದು. ಶರತ್ಕಾಲದಲ್ಲಿ ಒಮ್ಮೆ ಹಾಗೇ ಆಗಿತ್ತು. ಗೋಡೆಯಾಚೆಯಿಂದ ಡುಲುತ್ ಜಗಳ ಬಂತು, ಪರೀಕ್ಷೆ ಹೋಯಿತು. ಈ ವರ್ಷಕ್ಕೆ ಉಳಿದಿದ್ದ ಅವಕಾಶ ಇದೊಂದೇ.

ಬೆಳಿಗ್ಗೆ ಗೂಡಿನ ಬಾಗಿಲಲ್ಲಿ ನಿಂತು ಐಲಿ, ಕೆರೆಯ ಮೇಲೆ ಮೀನು ಹಿಡಿಯುತ್ತಿದ್ದ ನಮಗೂ ಅವಳನ್ನು ಬಿಡಲು ಬಂದಿದ್ದ ಅಪ್ಪ ಅಮ್ಮನಿಗೂ ಅಪ್ಪಣೆ ಮಾಡಿದ್ದಳು. "ಮಧ್ಯಾಹ್ನದವರೆಗೂ ಯಾರೂ ತುಟಿಪಿಟಕ್ ಅನ್ನಬಾರ್ದು. ಅಪ್ಪಾ, ನಿಂಗೇ ಹೇಳ್ತಿರೋದು."

"ನಾನೇನ್ ಮಾಡ್ದೆ? ನಿಮ್ಮಮ್ಮಂಗೆ ಹೇಳು."

"ನೋಡು, ನೋಡು, ಶುರು ಮಾಡ್ದ!" ಎಂದಳು ಮಾರ್ಲಿಸ್.

"ಇಬ್ಬರಿಗೂ!" ಎಂದು ಐಲಿ ಬಾಗಿಲು ಹಾಕಿಕೊಂಡಳು.

ನಾವು ಮಂಜು ಕೊರೆಯುವ ಯಂತ್ರಗಳನ್ನು ಆರಿಸಿದೆವು, ರೇಡಿಯೋ ಕಿವಿ ಹಿಂಡಿದೆವು. ಕೆಮ್ಮು ಬಂದವರು ಕೆಮ್ಮನ್ನು ನುಂಗಿದರು. ಅಷ್ಟು ದೊಡ್ಡ ಮೌನವನ್ನು ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ. ಬಿಸಿಲು ಹಿಮದ ಮೇಲೆ ಬೀಳುವ ಸದ್ದೂ ಕೇಳಿಸುತ್ತಿತ್ತು ಎಂದರೆ ನಂಬುವವರು ನಂಬಲಿ.

ಆದರೆ ಕೆರೆಗೆ ಯಾರು ಅಪ್ಪಣೆ ಮಾಡುವುದು? ಬಿಸಿಲೇರಿದಂತೆ ಮಂಜುಗಡ್ಡೆ ಮೈಮುರಿಯಿತು. ಆ ದಡದಿಂದ ಹೊರಟ ಗುಡುಗು ನಮ್ಮ ಅಂಗಾಲಿನ ಕೆಳಗೇ ಉರುಳಿ ಈ ದಡ ಮುಟ್ಟಿತು. ಗೂಡಿನ ತೆಳು ಹಲಗೆಯಾಚೆ ಮೇಲ್ವಿಚಾರಕಿಯ ದನಿ ಕೇಳಿತು: "ನಿಮ್ಮ ಜೊತೆ ಯಾರಿದ್ದಾರೆ?"

"ಯಾರೂ ಇಲ್ಲ, ಮೇಡಂ. ಕೆರೆ."

ಆಕೆ ಏನೋ ಟೈಪು ಮಾಡಿಕೊಂಡ ಟಕಟಕ ಕೇಳಿತು. ಆಮೇಲೆ, "ಮುಂದುವರಿಸಿ. ಮನುಷ್ಯರ ಸದ್ದು ಕೇಳಿದರೆ ಮಾತ್ರ ನಿಲ್ಲಿಸಬೇಕಾಗುತ್ತೆ."

ಸರಿಯಾಗಿ ಆಗಲೇ ರೇನೊನ ಬಾವುಟ ಎದ್ದಿತು.

ಮಂಜಿನ ತೂತಿನ ಮೇಲೆ ಗಾಳದ ದಾರ ಕಟ್ಟಿದ ಮರದ ಪಟ್ಟಿ ಇಟ್ಟಿರುತ್ತೇವೆ. ಮೀನು ಕಚ್ಚಿದೊಡನೆ ಕೆಂಪು ಬಾವುಟ ಟಣ್ಣನೆ ಚಿಮ್ಮುತ್ತದೆ. ಆಗ "ಬಾವುಟ!" ಎಂದು ಕೂಗದವನು ನಮ್ಮ ಕೆರೆಯವನೇ ಅಲ್ಲ. ತಂದೆಯ ಮಣ್ಣಿನ ದಿನವೂ ರೇನೊ ಹಾಗೆ ಕೂಗಿದವನು. ಮೀನೋ, ದಾರ ಎಳೆದ ರಭಸ ನೋಡಿದರೆ ದೋಣಿಯಷ್ಟಿರಬೇಕು. ರೇನೊನ ಬಾಯಿ ತೆರೆಯಿತು.

ಸದ್ದು ಬರಲಿಲ್ಲ. ತೆರೆದ ಬಾಯಿಂದ ಬಿಳಿ ಉಸಿರು ಮಾತ್ರ ಹೊರಟು ಚದುರಿತು. ಅವನು ಒಂದು ಹೆಜ್ಜೆ ಇಟ್ಟ. ಜಾರದಂತೆ ಬೂಟಿಗೆ ಹಾಕಿದ್ದ ಮುಳ್ಳು ಕರಕ್ ಎಂದಿತು. ಅಲ್ಲೇ ಕಲ್ಲಾದ. ದಾರ ಸರಸರ ಇಳಿಯುತ್ತಲೇ ಇತ್ತು.

ಮಾರ್ಲಿಸ್ ಗಂಡನ ಮುಖವನ್ನು ಹೊಸಬನನ್ನು ನೋಡುವಂತೆ ನೋಡಿದಳು. ಆಮೇಲೆ ಬಾಗಿ ತನ್ನ ಬೂಟುಗಳನ್ನು ಬಿಚ್ಚಿದಳು. ಕೆರೆಯ ಹೆಸರೆತ್ತಿದರೆ ಮೂಗು ಮುರಿಯುವ ಹೆಂಗಸು, ಆ ಚಳಿಯಲ್ಲಿ ಉಣ್ಣೆಯ ಕಾಲುಚೀಲದಲ್ಲೇ ಬೆಕ್ಕಿನಂತೆ ಮಂಜಿನ ಮೇಲೆ ನಡೆದು ತೂತಿನ ಬಳಿ ಮಂಡಿಯೂರಿ, ದಾರಕ್ಕೆ ಬೆರಳಿಟ್ಟಳು. ಎಳೆಯಲಿಲ್ಲ. ಮೇಲೆ ಬಂದ ಮೀನು ಒದ್ದಾಡಿ ಬಡಿಯುವ ಸದ್ದು ಊರಿಗೆಲ್ಲ ಕೇಳಿಸುತ್ತದೆ, ಮೇಲ್ವಿಚಾರಕಿಗೆ ಅದು ಮನುಷ್ಯರ ಸದ್ದೇ ಎಂಬುದು ಅವಳಿಗೂ ಗೊತ್ತಿತ್ತು.

ರೇನೊ ಕೂಡ ಬೂಟು ಬಿಚ್ಚಿ ಅವಳೆದುರು ಕೂತ. ಇಬ್ಬರ ಬೆರಳ ನಡುವೆ ದಾರ ಬಿಗಿಯಾಗುತ್ತಿತ್ತು, ಸಡಿಲವಾಗುತ್ತಿತ್ತು; ಅಷ್ಟು ದೊಡ್ಡ ಜೀವ ನಮ್ಮೆಲ್ಲರ ಕಾಲಡಿ, ಐಲಿಯ ಕುರ್ಚಿಯಡಿಯೂ, ಹೋಗಿ ಬರುತ್ತಿತ್ತು.

ನಾವು ಟೋಪಿ ತೆಗೆದು ನಿಂತಿದ್ದೆವು. ಗೂಡಿನ ಹೊಗೆ ನೆಟ್ಟಗೆ ಮೇಲೇರುತ್ತಿತ್ತು. ಹಿಮದ ಮೇಲೆ ಎರಡು ಜೊತೆ ಬೂಟುಗಳು, ಮೂತಿಗಳೆಲ್ಲ ಆ ಮುಚ್ಚಿದ ಬಾಗಿಲ ಕಡೆಗೆ.