ನನ್ನ ಹಲ್ಲನ್ನು ಅಷ್ಟು ಬಿಗಿಯಬೇಡಿ

ನಾನು ಒಂದು ಕಟರ್. ಕಬ್ಬಿಣದ ಒರಟು ಮುಖವನ್ನು ಹೆರೆದು ಸಪಾಟು ಮಾಡುವುದು ನನ್ನ ಕೆಲಸ. ನೋಡಲು ಊಟದ ತಟ್ಟೆಯಂತೆ ದುಂಡಗಿದ್ದೇನೆ, ಎತ್ತಿದರೆ ಕೈ ಜಗ್ಗುತ್ತದೆ. ಉಕ್ಕಿನ ಗಟ್ಟಿಯೊಂದನ್ನು ಕಡೆದು, ಕೊರೆದು, ಬೆಂಕಿಯಲ್ಲಿ ಕಾಯಿಸಿ, ಎಣ್ಣೆಯಲ್ಲಿ ಅದ್ದಿ ನನ್ನನ್ನು ಮಾಡಿದರು. ಅಷ್ಟೆಲ್ಲ ಮಾಡಿದರೂ ಹುಟ್ಟುವಾಗ ನನಗೆ ಹಲ್ಲಿರಲಿಲ್ಲ. ಅಂಚಿನ ಸುತ್ತ ಏಳು ಗೂಡುಗಳಿದ್ದವು, ಪ್ರತಿ ಗೂಡಿನಲ್ಲೂ ಸ್ಕ್ರೂ ಹಿಡಿಯಲು ಒಂದು ತೂತು.

ಹಲ್ಲುಗಳು ಬೇರೆ ಡಬ್ಬಿಯಲ್ಲಿ ಬಂದವು. ಕಾರ್ಬೈಡ್ ಎಂಬ ಗಟ್ಟಿ ಲೋಹದವು, ಹೆಬ್ಬೆರಳ ಉಗುರಿನಷ್ಟು ದೊಡ್ಡವು. ಒಂದೊಂದರ ನಡುವೆ ಸ್ಕ್ರೂ ತೂರಿಸಿ ಗೂಡಿಗೆ ಬಿಗಿಯುತ್ತಾರೆ. ಒಂದು ಮಗ್ಗುಲಿನ ಹರಿತ ಹೋದರೆ ಸ್ಕ್ರೂ ಬಿಚ್ಚಿ ಹಲ್ಲನ್ನು ತಿರುಗಿಸಿ ಕೂರಿಸುತ್ತಾರೆ. ಎಲ್ಲ ಮಗ್ಗುಲೂ ಮೊಂಡಾದರೆ ಎಸೆದು ಹೊಸದು ಹಾಕುತ್ತಾರೆ. ಹೊಗಳಿಕೆ ಯಾವಾಗಲೂ ಹಲ್ಲಿಗೆ. ಅದನ್ನು ಹಿಡಿದು ನಿಲ್ಲಿಸಿದ ಸ್ಕ್ರೂವನ್ನಾಗಲಿ, ಗೂಡನ್ನಾಗಲಿ ಯಾರೂ ಕೇಳುವುದಿಲ್ಲ.

ನನ್ನ ಪೆಟ್ಟಿಗೆಯಲ್ಲಿ ಒಂದು ಚಾವಿಯೂ ಇತ್ತು, ಸ್ಕ್ರೂ ತಿರುಗಿಸುವುದಕ್ಕೆ. ಅದರ ಹಿಡಿಕೆಯನ್ನು ಬೇಕೆಂದೇ ಗಿಡ್ಡ ಮಾಡಿದ್ದರು. ಬರಿಗೈಯಲ್ಲಿ ತಿರುಗಿಸಿದಾಗ ಎಷ್ಟು ಬಿಗಿ ಬರುತ್ತದೋ ಅಷ್ಟು ಸಾಕು, ಅದಕ್ಕಿಂತ ಹೆಚ್ಚು ಬೇಡ ಎಂದು. ಈ ಒಂದು ಮಾತನ್ನು ಯಾರಾದರೂ ಬಾಯಿಬಿಟ್ಟು ಹೇಳಿದ್ದರೆ ನನ್ನ ಬದುಕು ಬೇರೆಯೇ ಆಗುತ್ತಿತ್ತು.

ನಾನು ಬಂದು ಸೇರಿದ್ದು ಬೆಳಗಾವಿಯ ಉದ್ಯಮಬಾಗಕ್ಕೆ, ಭರಮಪ್ಪ ಚೌಗುಲಾ ಎಂಬುವರ ಕಾರ್ಖಾನೆಗೆ. ನೀರಿನ ಪಂಪುಗಳಿಗೆ ಬೇಕಾದ ಬೀಡುಕಬ್ಬಿಣದ ಎರಕಗಳು ಅಲ್ಲಿಗೆ ಬರುತ್ತಿದ್ದವು. ಅವುಗಳ ಮುಖ ಹೆರೆಯುವ ಹಳೆಯ ಯಂತ್ರಕ್ಕೆ ನನ್ನನ್ನು ಕಟ್ಟಿದರು. ಆ ಯಂತ್ರ ನಡೆಸುತ್ತಿದ್ದವನು ನಬೀಸಾಬ ನದಾಫ. ಎರಕಗಳನ್ನು ಎತ್ತಿಡುವುದು, ಇಳಿಸುವುದು, ಚೂರು ಗುಡಿಸುವುದು ಪರಸಪ್ಪ ತಳವಾರನ ಪಾಲು. ಇಬ್ಬರೂ ಒಂದೇ ಓಣಿಯವರು. ಒಂದೇ ಸೈಕಲ್ಲಿನಲ್ಲಿ ಬರುತ್ತಿದ್ದರು. ಒಬ್ಬನ ಡಬ್ಬಿಯ ರೊಟ್ಟಿ ಇನ್ನೊಬ್ಬನ ಡಬ್ಬಿಯ ಪಲ್ಯದಲ್ಲಿ ಮುಗಿಯುತ್ತಿತ್ತು.

ನಬೀಸಾಬ ನನ್ನನ್ನು ಚೆನ್ನಾಗಿ ನೋಡಿಕೊಂಡ. ಸಂಜೆ ಬಟ್ಟೆಯಿಂದ ಒರೆಸಿ, ಎಣ್ಣೆ ಸವರಿ ಇಡುತ್ತಿದ್ದ. ಆದರೆ ಹಲ್ಲು ಬಿಗಿಯುವಾಗ ಮಾತ್ರ ಅವನಿಗೆ ಏನೋ ಆಗುತ್ತಿತ್ತು. ಗಿಡ್ಡ ಚಾವಿ ಅವನ ದೊಡ್ಡ ಕೈಗೆ ಆಟದ ಸಾಮಾನಿನಂತೆ ಕಾಣುತ್ತಿತ್ತು. ಅದರ ಹಿಡಿಕೆಗೆ ಒಂದು ಪೈಪಿನ ತುಂಡು ಸಿಕ್ಕಿಸಿ, ಹಲ್ಲು ಕಚ್ಚಿ, ಮೈಭಾರ ಹಾಕಿ ತಿರುಗಿಸುತ್ತಿದ್ದ. ಸ್ಕ್ರೂ ಕಿರ್ರೆನ್ನುತ್ತಿತ್ತು. ಬಿಡೋ ಮಾರಾಯ, ಸಾಕು ಎಂದು ನಾನು ಒಳಗೊಳಗೇ ಕೂಗುತ್ತಿದ್ದೆ. ಉಕ್ಕಿನ ಕೂಗು ಯಾರಿಗೆ ಕೇಳಬೇಕು?

"ಸಾಕ ಬಿಡೋ ನಬಿ, ಮುರೀತಿ ಅದನ್ನ," ಎಂದು ಪರಸಪ್ಪ ಒಮ್ಮೆ ನಕ್ಕ.

"ನಿನಗೇನ ಗೊತ್ತೋ? ಎದುರಿಗೆ ನಿಲ್ಲಾಂವ ನೀನು. ಸಡಿಲಾಗಿ ಹಾರಿತಂದ್ರ ನಿನ್ನ ಮುಸುಡಿಗೇ ಬಡೀತೈತಿ," ಎಂದು ನಬೀಸಾಬ ಇನ್ನೂ ಒಂದು ಎಳೆತ ಎಳೆದ.

ಅಷ್ಟೊಂದು ಪ್ರೀತಿಯಿಂದ ಅವನು ನನ್ನನ್ನು ಹಾಳು ಮಾಡುತ್ತಿದ್ದ. ಮಿತಿ ಮೀರಿ ಬಿಗಿದರೆ ಸ್ಕ್ರೂ ಒಳಗೇ ಹಿಗ್ಗುತ್ತದೆ, ಅದರ ಕುತ್ತಿಗೆ ತೆಳ್ಳಗಾಗುತ್ತದೆ. ಹೊರಗಿನಿಂದ ನೋಡಿದರೆ ಕಲ್ಲಿನಂತೆ ಕೂತಿರುತ್ತದೆ. ಒಳಗೆ ಪ್ರಾಣ ಇರುವುದಿಲ್ಲ. ಹಲ್ಲು ಬದಲಿಸಿದಾಗಲೆಲ್ಲ ಅದೇ ಸ್ಕ್ರೂಗಳನ್ನು ಮತ್ತೆ ಹಾಕಿದರು, ಮತ್ತೆ ಅದೇ ಪೈಪು. ಹೊಸ ಸ್ಕ್ರೂಗಳ ಪೊಟ್ಟಣವೊಂದು ಸ್ಟೋರಿನ ಕಪಾಟಿನಲ್ಲಿ ಒಡೆಯದೆ ಬಿದ್ದಿತ್ತು. ಭರಮಪ್ಪನವರನ್ನು ಯಾರೋ ಕೇಳಿದಾಗ, "ಸ್ಕ್ರೂಗೋಳಿಗೆ ಏನ್ ಧಾಡಿ ಆಗೈತಿ? ಚಲೋ ಅದಾವಲ್ಲ, ನಡೀಲಿ" ಎಂದರು. ಹಾರುವ ಚೂರುಗಳನ್ನು ತಡೆಯಲು ಯಂತ್ರದ ಮುಂದೆ ಇದ್ದ ಜಾಳಿಗೆ ಮುರಿದು ಮೂಲೆ ಸೇರಿತ್ತು. ಅದಕ್ಕೂ ಅದೇ ಮಾತು, ನಡೀಲಿ.

ನಡೆಯಿತು. ಒಂದು ಮಧ್ಯಾಹ್ನ, ಊಟ ಮುಗಿಸಿ ಬಂದ ಮೇಲೆ ಹೊಸ ಎರಕಕ್ಕೆ ನನ್ನನ್ನು ಇಳಿಸಿದರು. ಎರಕದ ಚರ್ಮದಲ್ಲಿ ಎಲ್ಲೋ ಒಂದು ಗಟ್ಟಿ ಗಂಟಿತ್ತು. ಒಂದು ಹಲ್ಲು ಅದಕ್ಕೆ ಬಡಿಯಿತು, ಅದರ ಸ್ಕ್ರೂ ಕುತ್ತಿಗೆಯಲ್ಲಿ ಪಟ್ಟನೆ ಮುರಿಯಿತು. ನಾನು ತಿರುಗುತ್ತಲೇ ಇದ್ದೆ. ನನ್ನ ಹಲ್ಲು ನನ್ನಿಂದ ಹೋಗುವುದು ಗೊತ್ತಾಯಿತು, ಹಿಡಿದುಕೊಳ್ಳಲು ನನಗೆ ಕೈಯಿಲ್ಲ. ಪರಸಪ್ಪ ಬೆವರಿಗೆ ಮಬ್ಬಾಯಿತೆಂದು ಕಣ್ಣು ಕಾಯುವ ಕನ್ನಡಕವನ್ನು ಹಣೆಗೇರಿಸಿ ನಿಂತಿದ್ದ. ಹಾರಿದ ಹಲ್ಲು ಅವನ ಮುಖಕ್ಕೇ ಬಡಿಯಿತು. ಎಡಗಣ್ಣಿನ ಮೇಲೆ ಕೈಯಿಟ್ಟುಕೊಂಡು ಹಾಗೇ ನೆಲಕ್ಕೆ ಕುಳಿತ. ನಬೀಸಾಬ ಅವನನ್ನು ಎತ್ತಿಕೊಂಡೇ ಗೇಟಿನವರೆಗೆ ಓಡಿದ.

ಆ ಕಣ್ಣು ಮತ್ತೆ ಬರಲಿಲ್ಲ.

ಮರುದಿನ ಭರಮಪ್ಪನವರು ನನ್ನನ್ನು ಕೈಯಲ್ಲಿ ಹಿಡಿದು ನೋಡಿದರು. ಆರು ಹಲ್ಲುಗಳಿದ್ದವು. ಏಳನೆಯ ಗೂಡಿನ ತುಂಬ ಎಣ್ಣೆಯಲ್ಲಿ ಕಲಸಿದ ಕಪ್ಪು ಪುಡಿ ತುಂಬಿಕೊಂಡಿತ್ತು. "ಸ್ಕ್ರೂ ಬಿಚ್ಚಿ ಬಿದ್ದೈತಿ. ನೀ ಬಿಗಿ ಮಾಡಿಲ್ಲ," ಎಂದರು.

"ಮಾಡೇನ್ರಿ ಮಾಲಕ್ರ. ದೇವರಾಣಿ, ಜೀವ ಹಾಕಿ ಬಿಗಿ ಮಾಡೇನ್ರಿ."

"ಮಾಡಿದ್ರ ಹೆಂಗ ಹಾರ್ತಿತ್ತೋ?"

ಇಲ್ಲಿ ನೋಡಿ, ನನ್ನ ಗೂಡಿನೊಳಗೆ ನೋಡಿ! ಸ್ಕ್ರೂ ಬಿಚ್ಚಿಕೊಂಡು ಹೋಗಿದ್ದರೆ ತೂತು ಬರಿದಾಗಿರಬೇಕಿತ್ತು. ಅದರ ಮುರಿದ ಅರ್ಧ ಇನ್ನೂ ನನ್ನೊಳಗೇ ಸಿಕ್ಕಿಕೊಂಡಿತ್ತು. ಆ ಪುಡಿಯನ್ನು ಒಂದು ಸಲ ಒರೆಸಿದ್ದರೆ ಸಾಕಿತ್ತು. ಸಾಕ್ಷಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಮೂಕನಂತೆ ಕೂತಿರುವುದು ಎಂಥ ಸಂಕಟ! ಭರಮಪ್ಪನವರು ನನ್ನನ್ನು ಟಪ್ಪೆಂದು ಮೇಜಿನ ಮೇಲೆ ಕುಕ್ಕಿ ಹೋದರು.

ಅದಕ್ಕಿಂತ ಕೆಟ್ಟದ್ದು ಮುಂದೆ ಆಯಿತು. ನಬೀಸಾಬ ತಾನೇ ತನ್ನನ್ನು ನಂಬುವುದನ್ನು ಬಿಟ್ಟ. ಕೆಲಸದ ನಡುವೆ ನಿಂತು ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. "ಅವತ್ತು ಕಡೇ ಸ್ಕ್ರೂ ಮರತ್ನೇನೋ," ಎಂದು ಗೊಣಗುತ್ತಿದ್ದ. ಮರೆತಿರಲಿಲ್ಲ! ಅವನು ನೋಡಲು ಆಸ್ಪತ್ರೆಗೆ ಹೋದಾಗ ಪರಸಪ್ಪ ಗೋಡೆಯ ಕಡೆ ಹೊರಳಿದನಂತೆ. ಆಮೇಲೆ ನಬೀಸಾಬ ಕಾರ್ಖಾನೆಗೆ ಬರುವುದನ್ನೇ ನಿಲ್ಲಿಸಿದ. ಅಪ್ಪನ ಕಾಲದ ಗಾದಿ ತುಂಬುವ ಅಂಗಡಿಯಲ್ಲಿ ಕೂತನೆಂದು ಚಹಾ ತರುವವನು ಹೇಳಿದ. ನನ್ನನ್ನು ಮುಟ್ಟಲು ಬೇರೆಯವರು ಒಪ್ಪಲಿಲ್ಲ. ಕಣ್ಣು ತಿಂದ ಕಟರ್ ಎಂದು ಹೆಸರಿಟ್ಟು ಗುಜರಿ ಡಬ್ಬಕ್ಕೆ ಹಾಕಿದರು. ತುಕ್ಕು ಹಿಡಿದ ಬೋಲ್ಟುಗಳು, ಮುರಿದ ಡ್ರಿಲ್ಲುಗಳು, ನಾನು. ಎರಡು ದೀಪಾವಳಿ ಹಾಗೇ ಕಳೆದವು.

ಅಷ್ಟರಲ್ಲಿ ಪರಸಪ್ಪ ಕೆಲಸಕ್ಕೆ ಮರಳಿದ್ದ. ಯಂತ್ರದ ಹತ್ತಿರ ಬೇಡವೆಂದು ಅವನನ್ನು ಸ್ಟೋರಿಗೆ ಹಾಕಿದ್ದರು. ಒಂದು ಬೆಳಿಗ್ಗೆ ಗುಜರಿಯವನು ಬರುವ ಮೊದಲು ಡಬ್ಬ ಬಗ್ಗಿಸಿ ಸಾಮಾನು ಬೇರೆ ಮಾಡುತ್ತಿದ್ದಾಗ ನಾನು ಅವನ ಕೈಗೆ ಬಂದೆ. ಅವನಿಗೆ ಗುರುತು ಹತ್ತಿತು. ನನ್ನನ್ನು ಗೋಡೆಗೆ ಬೀಸಿ ಒಗೆಯುತ್ತಾನೆ ಎಂದುಕೊಂಡೆ. ಒಗೆಯಲಿಲ್ಲ. ಬಹಳ ಹೊತ್ತು ತೊಡೆಯ ಮೇಲಿಟ್ಟುಕೊಂಡು ಕುಳಿತ. ಆಮೇಲೆ ಏನನಿಸಿತೋ, ಸೀಮೆಎಣ್ಣೆಯಲ್ಲಿ ಬ್ರಶ್ ಅದ್ದಿ ಆ ಬರಿಗೂಡನ್ನು ತಿಕ್ಕತೊಡಗಿದ. ಪುಡಿ ಕರಗಿತು. ಬೆರಳು ತೂತಿನ ಮೇಲೆ ಬಂದು ನಿಂತಿತು.

ಅವನು ನನ್ನನ್ನು ಬಾಗಿಲ ಬೆಳಕಿಗೆ ಒಯ್ದು, ಉಳಿದ ಕಣ್ಣಿನ ಹತ್ತಿರ ಹಿಡಿದ. ಮುರಿದ ತುಂಡು ಅಲ್ಲೇ ಇತ್ತು. ಪಕ್ಕದ ಗೂಡಿನ ಸ್ಕ್ರೂ ಬಿಚ್ಚಿದ. ಕಪಾಟಿನ ಪೊಟ್ಟಣ ಒಡೆದು ಒಂದು ಹೊಸ ಸ್ಕ್ರೂ ತೆಗೆದು ಎರಡನ್ನೂ ಅಂಗೈಯಲ್ಲಿ ಜೋಡಿಸಿಟ್ಟ. ಹಳೆಯದು ಹೊಸದಕ್ಕಿಂತ ಉದ್ದವಾಗಿತ್ತು, ಜಗ್ಗಿದ ಬೆಲ್ಲದ ಪಾಕದಂತೆ ನಡುವೆ ಸಣ್ಣಗಾಗಿತ್ತು.

"ಅಯ್ಯೋ ನಬಿ," ಎಂದ.

ಅಂದೇ ಭರಮಪ್ಪನವರನ್ನು ಕೇಳಿ ನನ್ನನ್ನು ಕೈಚೀಲದಲ್ಲಿ ಹಾಕಿಕೊಂಡು ಗಾದಿ ಅಂಗಡಿಗೆ ಹೋದ. ನಬೀಸಾಬ ಹತ್ತಿಯ ನಡುವೆ ಕೂತಿದ್ದ, ಹುಬ್ಬು ಮೀಸೆಯೆಲ್ಲ ಬೆಳ್ಳಗೆ. ಪರಸಪ್ಪನನ್ನು ನೋಡಿ ಎದ್ದು ನಿಂತ.

"ಇದನ್ನ ನೋಡು," ಎಂದು ಪರಸಪ್ಪ ನನ್ನನ್ನು ಅವನ ಮುಂದಿಟ್ಟ. "ಸ್ಕ್ರೂ ಬಿಚ್ಚಿಲ್ಲೋ, ಮುರದೈತಿ. ನೀ ಬಿಗಿ ಮಾಡಿದ್ದಿ. ಹೆಚ್ಚಿಗೀನ ಮಾಡಿದ್ದಿ."

ನಬೀಸಾಬ ತೂತಿನೊಳಗೆ ಬೆರಳಿಟ್ಟ. "ಹಂಗಾದ್ರೂ ನನ್ನ ಕೈಯಿಂದಾನ ಆತಲ್ಲೋ ಪರಸ್ಯಾ. ಸಡಿಲಾದ್ರೇನು, ಬಿಗಿಯಾದ್ರೇನು? ಕಣ್ಣ ಹೋಗಿದ್ದು ನಿಂದು."

"ಕಣ್ಣ ಹೋತು, ಅದು ಬ್ಯಾರೆ. ನನಗ ಹಗಲೆಲ್ಲ ಸುಟ್ಟಿದ್ದು ಅದಲ್ಲ. ಎದುರಿಗೆ ನಾ ನಿಂತೀನಂತ ಗೊತ್ತಿದ್ದೂ ಇಂವ ದರಕಾರಿಲ್ಲದ ಸಡಿಲ ಬಿಟ್ನಲ್ಲಾ ಅಂತ ಸುಟ್ಟಿತು. ನೀ ಹಂಗ ಮಾಡಿಲ್ಲ. ಅಷ್ಟ ಸಾಕ ನನಗ."

ನಬೀಸಾಬ ಹತ್ತಿಯ ರಾಶಿಯ ಮೇಲೆ ಕುಸಿದು ಕುಳಿತು ಗಂಡಸು ಅಳಬಾರದ ಹಾಗೆ ಅತ್ತ. ಪರಸಪ್ಪ ಅವನ ಪಕ್ಕದಲ್ಲಿ ಕುಳಿತ. ಒಳಗಿನಿಂದ ನಬೀಸಾಬನ ಹೆಂಡತಿ ಹಸೀನಾ ಇಣುಕಿ ನೋಡಿ, ಎರಡು ಕಪ್ ಚಹಾ ತಂದಿಟ್ಟು ಹೋದಳು.

ಭರಮಪ್ಪನವರಿಗೂ ವಿಷಯ ಮುಟ್ಟಿತು. ಯಂತ್ರಕ್ಕೆ ಹೊಸ ಜಾಳಿಗೆ ಬಂತಂತೆ. ನಬೀಸಾಬನನ್ನು ಮರಳಿ ಕರೆದರಂತೆ. ಅವನು ಹೋಗಲಿಲ್ಲ. ನಿನ್ನ ತಪ್ಪಿರಲಿಲ್ಲ ಎಂದು ಬಂದು ಹೇಳುವ ಮನಸ್ಸು ಮಾತ್ರ ಅವರಿಗೆ ಬರಲಿಲ್ಲ. ಅದನ್ನು ನೆನೆದರೆ ಈಗಲೂ ನನ್ನ ಮೈಯೆಲ್ಲ ಕಾಯುತ್ತದೆ.

ನಾನು ಈ ಅಂಗಡಿಯಲ್ಲೇ ಉಳಿದುಬಿಟ್ಟೆ. ಗಾಳಿಗೆ ಹಾರದಂತೆ ಗಾದಿಯ ಬಟ್ಟೆಯ ಮೇಲೆ ಭಾರಕ್ಕೆ ಇಡುತ್ತಾರೆ. ಬೀಡನ್ನು ಬೆಣ್ಣೆಯಂತೆ ಹೆರೆಯುತ್ತಿದ್ದವನ ಗೂಡುಗಳಲ್ಲಿ ಈಗ ಹತ್ತಿಯ ಎಳೆಗಳು. ನನ್ನ ಗೂಡುಗಳಲ್ಲಿ ಆರು ಇನ್ನೂ ಚೆನ್ನಾಗಿವೆ. ಯಾರಾದರೂ ಆ ತುಂಡನ್ನು ಕೊರೆದು ತೆಗೆದು ಏಳನೆಯದನ್ನೂ ಸರಿಮಾಡಿದರೆ ನಾಳೆಯೇ ಕೆಲಸಕ್ಕೆ ನಿಲ್ಲಬಲ್ಲೆ. ಯಾರಿಗೆ ಹೇಳಲಿ? ಇಷ್ಟು ಸಣ್ಣ ಒಂದು ತುಂಡು ಲೋಹವನ್ನು ನೋಡುವುದಕ್ಕೆ ಮನುಷ್ಯರಿಗೆ ಅಷ್ಟು ಕಾಲ ಬೇಕಾಯಿತು. ಅಷ್ಟರಲ್ಲಿ ಇಬ್ಬರ ಬದುಕಿನಿಂದ ಎಷ್ಟೋ ಹೋಗಿತ್ತು.

ಪರಸಪ್ಪ ಭಾನುವಾರ ಬರುತ್ತಾನೆ. ಕಳೆದ ವಾರ ಗಾದಿ ಕೊಳ್ಳಲು ಬಂದ ಹೆಂಗಸೊಬ್ಬಳು ನನ್ನನ್ನು ನೋಡಿ, "ಇದ್ಯಾರದ್ರೀ ಕಬ್ಬಿಣ?" ಎಂದು ಕೇಳಿದಳು.

"ಇವಂದು," ಎಂದ ನಬೀಸಾಬ.

"ನಂದೆಲ್ಲೀದೋ? ನಿಂದ ಅದು," ಎಂದ ಪರಸಪ್ಪ.

ಇಬ್ಬರೂ ಅದರ ಮೇಲೆ ಸಾಕಷ್ಟು ಹೊತ್ತು ವಾದ ಮಾಡಿದರು, ನಕ್ಕರು. ಇದು ಬರಿ ಕಬ್ಬಿಣವಲ್ಲ, ಒಂದು ಕಟರ್ ಎಂದು ಮಾತ್ರ ಇಬ್ಬರೂ ಹೇಳಲಿಲ್ಲ.