ಸಂಜೆಯವರೆಗೆ ಹಳೆಯ ಆವೃತ್ತಿ

ಶವಪೆಟ್ಟಿಗೆಯ ಮುಚ್ಚಳವನ್ನು ಗೋಡೆಗೆ ಒರಗಿಸುತ್ತಿದ್ದ ದುರ್ಗೇಶನ ತೋಳನ್ನು ಕ್ಲಾರಾ ಬಾಯಿ ಹಿಡಿದು ಜಗ್ಗಿದರು. ಹಿರಿಯಡ್ಕದ ಈ ಮನೆಯ ಮಹಡಿಯಲ್ಲಿ ತೀರಿಹೋದ ಲೆಸ್ಟರ್ ವರ್ಷಗಟ್ಟಲೆ ಬಾಡಿಗೆಗಿದ್ದರು. ಹೆಂಡತಿ ಮಕ್ಕಳಿಲ್ಲದ ಅವರಿಗೆ ಕೊನೆಯ ಕೋಟು ತೊಡಿಸಿದವರು ಮನೆಯೊಡತಿಯಾದ ಈ ಮುದುಕಿ ಮತ್ತು ಕಚೇರಿಯ ಸಹೋದ್ಯೋಗಿ ದುರ್ಗೇಶ.

“ಡೊಮಿನಿಕನಿಗೆ ಗೊತ್ತಾಯ್ತಾ?”

“ಯಾರ್ರೀ ಅವರು?”

“ಎಂತ ಮಾರಾಯ, ಇಷ್ಟು ಸಮಯ ಒಟ್ಟಿಗೆ ಕೆಲಸ ಮಾಡಿದ್ದಿ. ಲೆಸ್ಟರನ ತಮ್ಮ, ಕುವೈಟಿನಲ್ಲಿದ್ದಾನೆ. ತಾಯಿಯನ್ನು ಮಣ್ಣು ಮಾಡುವಾಗ ಸುದ್ದಿ ತಡವಾಗಿ ಮುಟ್ಟಿತು, ತಾನು ಬರುವವರೆಗೆ ಕಾಯಲಿಲ್ಲ ಅಂತ ಮಾತು ಬಿಟ್ಟವ. ನಂಬರ್ ಯಾರ ಹತ್ತಿರವೂ ಇಲ್ಲ.” ಬಾಯಿ ದನಿ ತಗ್ಗಿಸಿದರು. “ಇವತ್ತು ಶುಕ್ರವಾರ, ಅಲ್ಲಿ ರಜೆ. ಶುಕ್ರವಾರ ನಮ್ಮವರೆಲ್ಲ ಇಂಟರ್ನೆಟ್ಟಿನಲ್ಲಿ ಇಗರ್ಜಿಯ ಪುಟ ತೆರೆದು, ಊರಲ್ಲಿ ಯಾರು ತೀರಿಹೋದರು ಅಂತ ನೋಡ್ತಾರೆ. ಅದರಲ್ಲಿ ಹಾಕು. ನಾಲ್ಕು ಗಂಟೆಗೆ ಮಣ್ಣು.”

ಕಾಪುವಿನ ಇಗರ್ಜಿಗಾಗಿ ಲೆಸ್ಟರ್ ಬರೆದಿದ್ದ ಆ ವೆಬ್ ಪುಟ ಪಿಎಚ್‌ಪಿ ಎಂಬ ತಂತ್ರಾಂಶದ ಹಳೆಯ ಆವೃತ್ತಿಯಲ್ಲಷ್ಟೇ ಓಡುತ್ತಿತ್ತು. ಲೆಸ್ಟರ್ ಆಸ್ಪತ್ರೆ ಸೇರಿದ ವಾರದಲ್ಲೇ ಅವರ ವೆಬ್‌ಸೈಟ್ ಕಂಪೆನಿಯ ಯಜಮಾನ ಲಿಯೋನೆಲ್ ಆ ಆವೃತ್ತಿಯನ್ನು ನಿಲ್ಲಿಸಲು ಹೇಳಿದ್ದರು, ನಿಲ್ಲಿಸಿದವನು ದುರ್ಗೇಶ. ಈಗ ಪುಟ ತೆರೆದರೆ ಶಿಲುಬೆಯೂ ಕಪ್ಪು ಅಂಚೂ ಕಾಣುತ್ತಿದ್ದವು. ಹೆಸರುಗಳು ಬರುತ್ತಿರಲಿಲ್ಲ.

*

ಹಿಂದಿನ ವರ್ಷ, ೨೦೦೬ರಲ್ಲಿ, ಮಣಿಪಾಲದ ಹೋಟೆಲೊಂದರಲ್ಲಿ ಲೆಸ್ಟರ್ ಮತ್ತು ದುರ್ಗೇಶ ಊಟಕ್ಕೆ ಕುಳಿತಿದ್ದರು.

“ಒಂದs ಸರ್ವರಿನ್ಯಾಗ ಪಿಎಚ್‌ಪಿ ನಾಕು, ಐದು ಎರಡೂ ಯಾಕ್ರೀ ಸರ್? ಹಳೇದು ತಗದು ಒಗೀರಿ,” ಎಂದ ದುರ್ಗೇಶ.

ಅಷ್ಟರಲ್ಲಿ ಬಡಿಸುವವನು ಬಂದು, “ಕುಚ್ಚಲಾ, ಬೆಳ್ತಿಗೆಯಾ?” ಎಂದ. ಲೆಸ್ಟರ್ ಕೆಂಪು ಕುಚ್ಚಲಕ್ಕಿ ಅನ್ನ ಹಾಕಿಸಿಕೊಂಡರು, ದುರ್ಗೇಶ ಬಿಳಿಯ ಬೆಳ್ತಿಗೆ ಅನ್ನ.

“ನೋಡು, ಅಡುಗೆಮನೆ ಒಂದೇ, ಪಾತ್ರೆ ಎರಡು. ಯಾರಿಗೆ ಯಾವುದು ಅಂತ ಕೇಳಿ ಬಡಿಸ್ತಾನೆ. ನಮ್ಮ ಸರ್ವರಿನಲ್ಲೂ ಯಾವ ಪುಟಕ್ಕೆ ಯಾವ ಆವೃತ್ತಿ ಅಂತ ಒಂದು ಸಾಲು ಬರೆದಿಟ್ಟದ್ದು. ಬೆಳ್ತಿಗೆ ತಿನ್ನುವ ನಿನ್ನಂಥವರು ಜಾಸ್ತಿಯಾದರು ಅಂತ ಕುಚ್ಚಲಿನ ಪಾತ್ರೆ ಇಳಿಸಿದರೆ ನಾನು ಎಲ್ಲಿ ಉಣ್ಣುವುದು?”

“ನಮ್ಮ ಕಡೀ ರೊಟ್ಟಿ ಬಡಿಸೂ ದಿನಾ ಹೇಳ್ರಿ, ಆವಾಗ ಮಾತಾಡೋಣು.”

ಅಪರೂಪಕ್ಕೆ ಲೆಸ್ಟರ್ ನಕ್ಕರು. ಇಗರ್ಜಿಯ ಪುಟವನ್ನಾದರೂ ಹೊಸದಕ್ಕೆ ಹೊಂದಿಸಬಹುದಲ್ಲ ಎಂದು ದುರ್ಗೇಶ ಕೇಳಿದಾಗ ಅವರ ಕೈ ಮೊಸರನ್ನದಲ್ಲೇ ನಿಂತಿತು.

“ಹೊಂದಿಸಬೇಕು. ಅಮ್ಮ ತೀರಿಹೋದ ವಾರದಲ್ಲಿ ನಾನು ಬರೆದದ್ದು ಅದು. ಇನ್ನು ಯಾರಿಗೂ ಸುದ್ದಿ ತಡವಾಗಬಾರದು ಅಂತ. ತೆರೆದ ಕೂಡಲೇ ಅವಳ ಹೆಸರು ಬರ್ತದೆ. ನಾಳೆ ಮಾಡುವ ಅಂತ ಮುಚ್ಚಿಡ್ತೇನೆ.”

*

ಹಿರಿಯಡ್ಕದ ಮನೆಯ ಅಂಗಳದಲ್ಲಿ ಲಿಯೋನೆಲ್ ಒಬ್ಬರೇ ನಿಂತಿದ್ದರು. ಹಳೆಯ ಆವೃತ್ತಿಯನ್ನು ಮತ್ತೆ ತೆರೆಯಬೇಕೆಂದು ದುರ್ಗೇಶ ಕೇಳಿದ.

“ಅದರ ಭದ್ರತೆಯಲ್ಲಿ ಕಿಂಡಿ ಉಂಟು ಮಾರಾಯ. ಯಾರಾದರೂ ನುಗ್ಗಿದರೆ ಉಳಿದ ಗಿರಾಕಿಗಳಿಗೆ ನಾನೆಂತ ಹೇಳುವುದು?”

“ಅವರ ತಮ್ಮಗ ತಿಳಸಾಕ ಬ್ಯಾರೆ ದಾರಿ ಇಲ್ರೀ ಸರ್.”

ಲಿಯೋನೆಲ್ ಬಾಗಿಲಾಚೆಗಿನ ಪೆಟ್ಟಿಗೆಯತ್ತ ನೋಡಿದರು. “ಸಂಜೆವರೆಗೆ. ಆಮೇಲೆ ನೀನೇ ಮುಚ್ಚಬೇಕು.”

ಬಸ್‌ ನಿಲ್ದಾಣದ ಬಳಿಯ ಸೈಬರ್ ಕೆಫೆಯಲ್ಲಿ ಕುಳಿತು ದುರ್ಗೇಶ ಮಣಿಪಾಲದ ಸರ್ವರಿನೊಳಗೆ ಇಳಿದ. ತಾನೇ ತಡೆಹಾಕಿದ್ದ ಸಾಲನ್ನು ಬಿಡಿಸಿ ಸರ್ವರ್ ಯಂತ್ರವನ್ನು ಮತ್ತೆ ಚಾಲೂ ಮಾಡಿದ. ಶಿಲುಬೆಯ ಕೆಳಗೆ ಹೆಸರುಗಳು ಒಂದೊಂದಾಗಿ ಮರಳಿದವು. ಎಲ್ಲಕ್ಕಿಂತ ಮೇಲೆ ಲೆಸ್ಟರರ ಹೆಸರನ್ನೂ ಮಣ್ಣು ಮಾಡುವ ಹೊತ್ತನ್ನೂ ಬರೆದು, ಕೊನೆಗೆ ತನ್ನ ಮೊಬೈಲ್ ಸಂಖ್ಯೆ ಸೇರಿಸಿದ.

ಇಗರ್ಜಿಯ ಸ್ಮಶಾನದಲ್ಲಿ ಜನ ಕಡಿಮೆ. ಹೆಗಲು ಸಾಲದೆ ಗುಂಡಿ ತೋಡುವವನೂ ಪೆಟ್ಟಿಗೆಗೆ ಕೈ ಕೊಟ್ಟ. ಪಾದ್ರಿಗಳು ಪ್ರಾರ್ಥನೆಯನ್ನು ನಿಧಾನವಾಗಿಯೇ ಓದಿದರು. ಆದರೂ ಕರೆ ಬರುವ ಮೊದಲೇ ಅದು ಮುಗಿಯಿತು. ಹಗ್ಗಗಳು ಜಾರಿ, ಪೆಟ್ಟಿಗೆ ತಳ ಮುಟ್ಟಿದಾಗ ದುರ್ಗೇಶನ ಜೇಬಿನಲ್ಲಿ ಫೋನು ಬಡಿದುಕೊಂಡಿತು.

“ನಾನು ಡೊಮಿನಿಕ್.” “ಮಣ್ಣು ಹಾಕಿ ಆಯ್ತಾ?”

“ಇಲ್ರೀ. ಈಗ ಹಾಕ್ತಾರ.”

“ಫೋನ್ ಅಲ್ಲಿಯೇ ಹತ್ತಿರ ಹಿಡಿಯಿರಿ. ಕಟ್ ಮಾಡಬೇಡಿ.”

ದುರ್ಗೇಶ ಸಡಿಲು ಮಣ್ಣಿನ ಮೇಲೆ ಮಂಡಿಯೂರಿ, ಫೋನನ್ನು ಗುಂಡಿಯ ಮೇಲೆ ಚಾಚಿ ಹಿಡಿದ. ಕ್ಲಾರಾ ಬಾಯಿಯ ಹಿಡಿಮಣ್ಣು ಮರದ ಮೇಲೆ ಸದ್ದು ಮಾಡಿತು. ಹಿಂದೆಯೇ ಲಿಯೋನೆಲರದು, ಆಮೇಲೆ ಹಾರೆಗಳದು. ಮಣ್ಣು ಮೇಲೇರಿದಂತೆ ಸದ್ದು ಮೆತ್ತಗಾಯಿತು. ಗುಂಡಿ ತುಂಬಿ, ಜನ ಚದುರಿ, ಹಾರೆಗಳನ್ನು ಗೋಡೆಗೆ ಒರಗಿಸಿ ಹೋದ ಮೇಲೂ ಪುಟ್ಟ ಪರದೆಯಲ್ಲಿ ಡೊಮಿನಿಕನ ಕರೆಯ ಸೆಕೆಂಡುಗಳು ಏರುತ್ತಲೇ ಇದ್ದವು.