ಪೂಜೆಗಿಟ್ಟ ಸ್ಕೇಲು

ನಮ್ಮ ಯಜಮಾನರು ಕುಮಾರಸ್ವಾಮಿಯವರಿಗೆ ಎರಡು ವಸ್ತುಗಳ ಮೇಲೆ ಅಪಾರ ನಂಬಿಕೆ. ಒಂದು, ಗುಂಡ್ಲುಪೇಟೆಯ ತರಕಾರಿ ಮಂಡಿಯಲ್ಲಿರುವ ಅವರ ತಕ್ಕಡಿ. ಇನ್ನೊಂದು, ಮನೆಯಲ್ಲಿರುವ ಮರದ ಸ್ಕೇಲು. ತಕ್ಕಡಿಯಲ್ಲಿ ಈರುಳ್ಳಿ ತೂಗುತ್ತಾರೆ, ಸ್ಕೇಲಿನಲ್ಲಿ ಮಗಳಿಗೆ ಓದು ಕಲಿಸುತ್ತಾರೆ.

ಪುಟ್ಟಿ ಎರಡನೇ ಕ್ಲಾಸು. ಸಂಜೆ ಮಂಡಿಯಿಂದ ಬಂದು ಕಾಲು ತೊಳೆದವರೇ ಅವಳನ್ನು ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದು ಎನ್ನುತ್ತಿದ್ದರು. ಒತ್ತಕ್ಷರ ಬಂದಲ್ಲಿ ತಡವರಿಸಿದಳೋ, ಅಂಗೈ ಮೇಲೆ ಒಂದು ಬೀಳುತ್ತಿತ್ತು. ಬರುಬರುತ್ತಾ ಅವಳು ಓದುವುದನ್ನೇ ಬಿಟ್ಟಳು. ಪುಸ್ತಕ ತೆರೆಯುವ ಮೊದಲೇ ಅಂಗೈ ಮುಂದೆ ಚಾಚುತ್ತಿದ್ದಳು.

ಅತ್ತೆ ಕರಿಯಮ್ಮನವರು ಅಡುಗೆಮನೆ ಹೊಸಿಲ ಮೇಲೆ ಕೂತು, ಏಟು ಬೀಳದೆ ಯಾರಿಗೆ ವಿದ್ಯೆ ಬಂದಿದೆ ಎಂದು ಮಗನಿಗೆ ತಾಳ ಹಾಕುತ್ತಿದ್ದರು. ಸ್ವತಃ ಅವರು ಇವತ್ತಿಗೂ ಬ್ಯಾಂಕಿನಲ್ಲಿ ಒತ್ತುವುದು ಹೆಬ್ಬೆಟ್ಟನ್ನೇ.

ಕೊನೆಗೆ ಯಜಮಾನರು ತೀರ್ಪು ಕೊಟ್ಟರು. ದಸರಾ ರಜೆ ಮುಗಿಯುವುದರೊಳಗೆ ಇವಳು ಓದದಿದ್ದರೆ ಮೈಸೂರಿನ ಹಾಸ್ಟೆಲ್ ಶಾಲೆಗೆ ಸೇರಿಸುವುದು. ನನ್ನ ಸೆರಗು ಹಿಡಿಯದೆ ನಿದ್ದೆ ಬಾರದ ಮಗುವನ್ನು ಹಾಸ್ಟೆಲಿಗಂತೆ. ಆ ದಿನ ನಾವಿಬ್ಬರೂ ಎಷ್ಟು ಕೂಗಾಡಿದೆವೆಂದರೆ ಪಕ್ಕದ ಮನೆ ಲಕ್ಷ್ಮಿದೇವಿ ಟೀವಿ ಆರಿಸಿ ಕೇಳಿಸಿಕೊಂಡಳು.

ನಾನು ಚಾಮರಾಜನಗರದ ಒಂದು ಕಚೇರಿಯಲ್ಲಿ ಟೈಪಿಸ್ಟು. ಮರುದಿನ ಬಸ್ ಹತ್ತುವ ಮುಂಚೆ ಸ್ಟ್ಯಾಂಡಿನ ಅಂಗಡಿಯಲ್ಲಿ ಒಂದು ತೆಳ್ಳನೆಯ ಕತೆ ಪುಸ್ತಕ ಕೊಂಡೆ. ಈರುಳ್ಳಿ ಲಾರಿ ಹತ್ತಿ ಕೇರಳಕ್ಕೆ ಹೊರಟ ಕೋಳಿಯ ಕತೆ. ರಜೆ ಮುಗಿಯುವವರೆಗೆ ಓದಿಸುವುದು ನನಗಿರಲಿ ಎಂದು ಯಜಮಾನರಿಗೆ ಹೇಳಿ, ಆ ಸಂಜೆ ಹಿತ್ತಲ ಜಗಲಿಯಲ್ಲಿ ಪುಟ್ಟಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಾಲಿನ ಕೆಳಗೆ ಬೆರಳು ಓಡಿಸುತ್ತಾ ನಾನೇ ಓದಿದೆ. ಅವಳಿಗೆ ಓದು ಅನ್ನಲಿಲ್ಲ. ಕೆಲವು ಸಂಜೆ ಕಳೆದ ಮೇಲೆ ನನ್ನ ಜೊತೆ ಅವಳ ದನಿಯೂ ಸೇರಿತು. ಸೇರಿದ ಹಾಗೆಲ್ಲ ನನ್ನ ದನಿಯನ್ನು ತಗ್ಗಿಸುತ್ತಾ ಬಂದೆ. ಎಲ್ಲಾದರೂ ನಿಂತರೆ ಆ ಪದವನ್ನು ನಾನೇ ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಕೋಳಿ ಪೇಚಿಗೆ ಸಿಕ್ಕಿದ ಕಡೆ ಬೇಕೆಂದೇ ಪುಸ್ತಕ ಮುಚ್ಚಿ, ಸಾರಿಗೆ ಒಗ್ಗರಣೆ ಹಾಕಬೇಕು ಎಂದು ಎದ್ದುಬಿಡುತ್ತಿದ್ದೆ. ಅವಳು ನನ್ನ ಬೆನ್ನಿಗೆ ಗುದ್ದುತ್ತಿದ್ದಳು.

ಕೋಳಿ ಕತೆ ಓದಿ ಇವಳು ಡೀಸಿ ಆಗುತ್ತಾಳಾ ಎಂದು ಯಜಮಾನರು ಹಜಾರದಿಂದಲೇ ಅಣಕಿಸುತ್ತಿದ್ದರು. ಆದರೆ ಕೋಳಿ ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬಿದ್ದ ಸಂಜೆ ಟೀವಿಯ ಸದ್ದು ಕಡಿಮೆಯಾಗಿದ್ದನ್ನು ನಾನು ಗಮನಿಸಿದೆ.

ಆಯುಧಪೂಜೆಯ ಹಿಂದಿನ ದಿನ ಕೋಳಿ ಕೇರಳದಲ್ಲಿ ಲಾರಿ ಇಳಿದು, ಸರಿಯಾಗಿ ಮಾಂಸದಂಗಡಿಯ ಎದುರು ನಿಂತಿತ್ತು. ಉಳಿದಿದ್ದು ಒಂದೇ ಪುಟ. ಮುಚ್ಚಿ ಎದ್ದೆ.

ಬೆಳಿಗ್ಗೆ ಯಜಮಾನರು ತಕ್ಕಡಿ, ಕುಡುಗೋಲು, ಪುಟ್ಟಿಯ ಅಷ್ಟೂ ಪುಸ್ತಕಗಳನ್ನು ದೇವರ ಮುಂದೆ ಜೋಡಿಸಿದರು. ಕೋಳಿಯ ಪುಸ್ತಕವೂ ಹೋಯಿತು. ಪಕ್ಕದಲ್ಲೇ ಸ್ಕೇಲು. ಅದಕ್ಕೂ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಕೈ ಮುಗಿದರು. ನಮ್ಮಲ್ಲಿ ಪೂಜೆಗಿಟ್ಟಿದ್ದನ್ನು ಮರುದಿನ ಮತ್ತೆ ಪೂಜೆ ಮಾಡಿ ತೆಗೆಯುವವರೆಗೂ ಯಾರೂ ಮುಟ್ಟುವಂತಿಲ್ಲ.

ಒಬ್ಬಟ್ಟಿನ ಊಟ ಮುಗಿದಿತ್ತು. ದೇವರ ಕೋಣೆಯಿಂದ ಅತ್ತೆಯ ದನಿ ಬಂತು.

"ಪೂಜೆಗಿಟ್ಟಿದ್ದ ತಗ್ದ್‌ಬುಟ್ಟವಳೆ, ಬಾ ಇಲ್ಲಿ ಕುಮಾರ. ಇನ್ನು ಇವ್ಳ್‌ಗೆ ಇದ್ಯೆ ಅತ್ತದಾ?"

ಹೋಗಿ ನೋಡಿದರೆ ಪುಟ್ಟಿ ದೀಪದ ಪಕ್ಕದಲ್ಲಿ ಚಕ್ಕಂಬಕ್ಕಳ ಹಾಕಿ ಕೂತಿದ್ದಳು. ತೊಡೆಯ ಮೇಲೆ ಕೋಳಿಯ ಪುಸ್ತಕ. ತುಟಿ ಅಲ್ಲಾಡುತ್ತಿರಲಿಲ್ಲ. ಕಣ್ಣು ಮಾತ್ರ ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು. ಮೂವರು ದೊಡ್ಡವರು ತಲೆಯ ಮೇಲೆ ನಿಂತಿದ್ದರೂ ಅವಳು ಕತ್ತೆತ್ತಲಿಲ್ಲ.

ವರ್ಷವಿಡೀ ಓದು ಓದು ಎಂದು ಹೊಡೆದ ಮನುಷ್ಯ, ಈಗ ಓದಿದ್ದಕ್ಕೆ ಹೊಡೆಯಲು ಸ್ಕೇಲಿನತ್ತ ಕೈ ಚಾಚಿದರು.

"ಅದೂ ಪೂಜೇಲದ," ಎಂದೆ. "ನಾಳೆಗಂಟ ಮುಟ್ಟಂಗಿಲ್ಲ."

ಕೈ ಅಲ್ಲೇ ನಿಂತಿತು. ಅವ್ವನ ಮುಖ ನೋಡಿದರು. ಅತ್ತೆಗೆ ನನ್ನ ಮೇಲೆ ಎಷ್ಟೇ ಕೋಪವಿದ್ದರೂ ದೇವರ ಭಯ ಅದಕ್ಕಿಂತ ಹೆಚ್ಚು. ಅವರು ದೇವರ ಕಡೆ ತಿರುಗಿ ಕೆನ್ನೆ ಬಡಿದುಕೊಂಡರು.

ಅಷ್ಟರಲ್ಲಿ ಪುಟ್ಟಿ ಪುಟ ಮುಗಿಸಿದಳು. ಪುಸ್ತಕವನ್ನು ಇದ್ದ ಜಾಗದಲ್ಲೇ ಇಟ್ಟು, ಜಾರಿದ್ದ ಹೂವನ್ನು ಅದರ ಮೇಲಿಟ್ಟು, ಕೈ ಮುಗಿದಳು. ಯಜಮಾನರಿಗೆ ಸೋಲು ಒಪ್ಪಲು ಮನಸ್ಸಿಲ್ಲ. ಸುಮ್ಮನೆ ಚಿತ್ರ ನೋಡುತ್ತಾ ಕೂತಿದ್ದಳು, ಇವಳೆಲ್ಲಿ ಓದಿದಳು ಎಂದು ನನಗೆ ಹೇಳಿ, ಅವಳ ಕಡೆ ತಿರುಗಿದರು.

"ಓದಿದ್ರೆ ಯೋಳು ನೋಡನ ಕಣಮ್ಮಿ, ಕೋಳಿ ಏನಾಯ್ತು?"

ಪುಟ್ಟಿ ಈ ಸಲ ಅಂಗೈ ಚಾಚಲಿಲ್ಲ. ಅಪ್ಪನ ಮುಖವನ್ನೇ ನೋಡಿದಳು.

"ಪೂಜೇಲದ ಕಣಪ್ಪ. ನಾಳೆ ನೀನೇ ಓದ್ಕೊ."

ಮರುದಿನ ಬೆಳಿಗ್ಗೆ ಮಂಗಳಾರತಿ ಆದ ಮೇಲೆ ಅವರು ತಕ್ಕಡಿಗಿಂತ ಮೊದಲು ಎತ್ತಿಕೊಂಡಿದ್ದು ಕೋಳಿಯ ಪುಸ್ತಕವನ್ನು. ನಮ್ಮ ಕಡೆ ಬೆನ್ನು ಹಾಕಿ ನಿಂತು, ಹಾಸ್ಟೆಲಿನ ಮಾತೆತ್ತದೆ, ಕೊನೆಯ ಪುಟ ತೆರೆದರು. ನಾನು ಸ್ಕೇಲನ್ನು ಎತ್ತಿಕೊಂಡು ಹೋಗಿ, ಕುಂಕುಮದ ಸಮೇತ, ನೀರೊಲೆಗೆ ಹಾಕಿದೆ.